ಸಾಕು ಹಾವನ್ನು ಮನೆಯ ಹೊರಗೆ ತಂದು ಫೋಟೊ ತೆಗೆಯುವಾಗ ಯಾವ ಎಚ್ಚರಿಕೆ ಬೇಕು?

ತುಂಗಾತೀರ (ರೆಡಿಂಗ್, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯ ಕಡೆಯವಳು, ಈಗ ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿದ್ದೇನೆ. ಐದು ವರ್ಷಗಳಿಂದ ನಮ್ಮ ಮನೆಯಲ್ಲಿ ಒಂದು ಕಾರ್ನ್ ಸ್ನೇಕ್ ಇದೆ. ಅಮೆರಿಕದ ಆಗ್ನೇಯ ರಾಜ್ಯಗಳ ಮೂಲದ, ವಿಷವಿಲ್ಲದ ಹಾವು ಇದು. ನಮ್ಮ ಗದ್ದೆಯ ಬದುಗಳಲ್ಲಿ ಇಲಿ ಹಿಡಿಯುವ ಕೇರೆಹಾವಿನ ದೂರದ ನೆಂಟ ಎನ್ನಬಹುದು. ನಮ್ಮದು ಈಗ ಸುಮಾರು 120 ಸೆಂಟಿಮೀಟರ್ ಉದ್ದವಿದೆ. ಮೈ ಕಿತ್ತಳೆ ಬಣ್ಣ, ಅದರ ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆಗಳು, ಹೊಟ್ಟೆಯ ಕೆಳಗೆ ಚದುರಂಗದ ಹಾಸಿನಂತೆ ಕಪ್ಪು ಬಿಳಿ ಚೌಕಗಳು. ಕೇಸರಿ ಎಂದು ಹೆಸರಿಟ್ಟಿದ್ದೇವೆ.

ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆದು ಬರುವ ನನ್ನ ಅಮ್ಮನಿಗೆ, ಮಗಳು ಹಾವನ್ನು ಪೆಟ್ಟಿಗೆಯಲ್ಲಿಟ್ಟು ಸಾಕುತ್ತಾಳೆ ಎಂಬ ಸಂಗತಿ ಇನ್ನೂ ಪೂರ್ತಿ ಅರಗಿಲ್ಲ. ಹಾಗಿದ್ದೂ ಕಳೆದ ತಿಂಗಳು ಅವರೇ ಫೋನಿನಲ್ಲಿ, "ಗಾಜಿನೊಳಗಿನದು ಬೇಡ, ಹುಲ್ಲಿನ ಮೇಲೋ ಮರದ ಮೇಲೋ ಇರುವಂಥ ಒಂದು ಚೆಂದದ ಫೋಟೊ ಕಳಿಸು" ಎಂದರು. ಆ ಉತ್ಸಾಹದಲ್ಲಿ ಹಿಂದಿನ ಭಾನುವಾರ ನಾನೂ ನನ್ನ ಯಜಮಾನರೂ ಕೇಸರಿಯನ್ನು ಹಿತ್ತಲಿಗೆ ಒಯ್ದು ಹುಲ್ಲುಹಾಸಿನ ನಡುವೆ ಬಿಟ್ಟೆವು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿಯುವಷ್ಟರಲ್ಲಿ ಅದು ನೇರವಾಗಿ ಮರದ ಶೆಡ್ಡಿನ ಕಡೆಗೆ ಹರಿದು, ಹಲಗೆಯ ಕೆಳಗಿನ ಎರಡು ಬೆರಳಗಲದ ಸಂದಿಯೊಳಗೆ ಅರ್ಧ ಮೈ ತೂರಿಸಿಬಿಟ್ಟಿತು. ಯಜಮಾನರು ಹೊರಗುಳಿದ ಅರ್ಧವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ಎಳೆಯಲೂ ಧೈರ್ಯವಿಲ್ಲದೆ ಬಿಡಲೂ ಧೈರ್ಯವಿಲ್ಲದೆ, ಸುಮಾರು ಇಪ್ಪತ್ತು ನಿಮಿಷ ಮೊಣಕಾಲೂರಿ ಕುಳಿತರು. ಕೊನೆಗೆ ಅದು ತಾನಾಗಿಯೇ ತಿರುಗಿ ಹೊರಬಂತು. ಅಂದು ತೆಗೆದ ನಲವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಬಹುಪಾಲು ಬಾಲವೇ ಇದೆ, ಅದೂ ಮಸುಕಾಗಿ.

ಇನ್ನೊಂದು ಆತಂಕವೂ ಇದೆ. ನಮ್ಮ ಊರಿನ ಆಕಾಶದಲ್ಲಿ ರೆಡ್ ಕೈಟ್ ಎಂಬ ಕವಲು ಬಾಲದ ಹದ್ದುಗಳು ದಿನವಿಡೀ ಸುತ್ತುತ್ತಿರುತ್ತವೆ. ಬೇಸಿಗೆಯಲ್ಲಿಯೂ ಇಲ್ಲಿ ಹಗಲಿನ ತಾಪ ಅನೇಕ ದಿನ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ; ಪೆಟ್ಟಿಗೆಯ ಬೆಚ್ಚನೆಯ ಮೂಲೆಯಲ್ಲಿ 30 ಡಿಗ್ರಿಗೆ ಒಗ್ಗಿರುವ ಹಾವು ಅದನ್ನು ತಡೆದೀತೇ? ಹೊರಗೆ ಎಷ್ಟು ಹೊತ್ತು ಇಡಬಹುದು, ಅದು ಒಂದೆಡೆ ನಿಲ್ಲುವಂತೆ ಮಾಡಲು ಅದಕ್ಕೆ ನೋವಾಗದ ಉಪಾಯವೇನಾದರೂ ಇದೆಯೇ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಹಳೇ ಲೆನ್ಸು (ಆಸ್ಟಿನ್, ಟೆಕ್ಸಸ್)

ತುಂಗಾತೀರ ಅವರೇ, ನಿಮ್ಮ ಯಜಮಾನರು ಎಳೆಯದೆ ಕುಳಿತದ್ದೇ ಆ ದಿನ ನಡೆದ ಅತ್ಯಂತ ಸರಿಯಾದ ಕೆಲಸ. ಹಾವು ಸಂದಿಗೆ ನುಗ್ಗಿದ ಮೇಲೆ ಮೈಯನ್ನು ಅಡ್ಡಡ್ಡ ಬಾಗಿಸಿ, ಹೊಟ್ಟೆಯ ಅಗಲವಾದ ಹುರುಪೆಗಳ ಅಂಚನ್ನು ಒರಟು ಜಾಗಕ್ಕೆ ಸಿಕ್ಕಿಸಿ ಬಿಗಿಯಾಗಿ ನಿಲ್ಲುತ್ತದೆ. ಆಗ ಬಾಲ ಹಿಡಿದು ಜಗ್ಗಿದರೆ ಬೆನ್ನುಮೂಳೆಗೂ ಪಕ್ಕೆಲುಬುಗಳಿಗೂ ಪೆಟ್ಟು ಬೀಳುತ್ತದೆ. ಮೈಯ ಭಾರವನ್ನು ಸಡಿಲವಾಗಿ ಆತುಕೊಂಡು ಕಾಯುವುದು, ಸಾಧ್ಯವಿದ್ದರೆ ಇನ್ನೊಬ್ಬರಿಂದ ಹಲಗೆಯನ್ನು ಎತ್ತಿಸುವುದು, ಇವೆರಡೇ ದಾರಿ.

ನಾನು ಇಲ್ಲಿ ಹನ್ನೆರಡು ವರ್ಷಗಳಿಂದ ಬಾಲ್ ಪೈಥಾನ್‌ಗಳನ್ನು ಸಾಕುತ್ತಿದ್ದೇನೆ (ಆಫ್ರಿಕಾ ಮೂಲದ ಸಣ್ಣ ಹೆಬ್ಬಾವು; ನಿಮ್ಮ ಕಡೆ ಇವನ್ನೇ ರಾಯಲ್ ಪೈಥಾನ್ ಎನ್ನುತ್ತಾರೆ), ಅದಕ್ಕೂ ಮೊದಲಿನಿಂದ ಫೋಟೊ ತೆಗೆಯುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಈ ಕೆಲಸದಲ್ಲಿ ಕ್ಯಾಮೆರಾದ ಪಾಲು ಕಡಿಮೆ. ಹಾವನ್ನು ಹೊರಗೆ ತರುವ ಮೊದಲೇ ಮುಗಿದಿರಬೇಕಾದ ಕೆಲಸ ಹೆಚ್ಚು. ಎಲ್ಲಿ ಇಡುತ್ತೇನೆ, ಅದರ ಸುತ್ತ ಎರಡು ಮಾರು ದೂರದಲ್ಲಿ ಯಾವ ಬಿಲ, ಸಂದಿ, ಪೊದೆ ಇದೆ, ಬೆಳಕು ಎಲ್ಲಿಂದ ಬರುತ್ತದೆ, ಎಷ್ಟು ನಿಮಿಷಕ್ಕೆ ನಿಲ್ಲಿಸುತ್ತೇನೆ ಎಂಬುದನ್ನೆಲ್ಲ ಹಾವು ಇನ್ನೂ ಪೆಟ್ಟಿಗೆಯಲ್ಲಿರುವಾಗಲೇ ತೀರ್ಮಾನಿಸಿ, ಹಾವಿನ ಬದಲು ಒಂದು ಹಗ್ಗವನ್ನು ಸುತ್ತಿಟ್ಟು ಪರೀಕ್ಷೆಯ ಚಿತ್ರಗಳನ್ನು ತೆಗೆದುಕೊಳ್ಳುತ್ತೇನೆ. ನೆರೆಯವರಿಗೆ ನಗು ಬರುತ್ತದೆ, ಬರಲಿ.

ನಿಮ್ಮ ಕೇಸರಿ ಓಡಿದ್ದರಲ್ಲಿ ಆಶ್ಚರ್ಯವಿಲ್ಲ. ಬಯಲಿನ ನಡುವೆ ಬಿದ್ದ ಹಾವಿಗೆ ಹದ್ದು ಎಲ್ಲಿಂದಾದರೂ ಎರಗಬಹುದು, ಆದ್ದರಿಂದ ಕಣ್ಣಿಗೆ ಕಂಡ ಮೊದಲ ಕತ್ತಲೆಯ ಕಡೆಗೆ ಹರಿಯುವುದು ಅದರ ಹುಟ್ಟುಗುಣ. ಈ ಗುಣವನ್ನೇ ಉಪಯೋಗಿಸಿಕೊಳ್ಳುವ ಒಂದು ಹಳೆಯ ಉಪಾಯವಿದೆ. ಫೋಟೊ ತೆಗೆಯಬೇಕಾದ ಜಾಗದಲ್ಲಿ, ಒಂದು ಮರದ ತುಂಡಿನ ಮೇಲೋ ಒಣ ಎಲೆಗಳ ಮೇಲೋ, ಹಾವನ್ನು ಮೆಲ್ಲನೆ ಇಟ್ಟು, ಅದರ ಮೇಲೆ ಬೆಳಕು ತೂರದ ಅಗಲವಾದ ಬೋಗುಣಿಯನ್ನೋ ದಪ್ಪ ಬಟ್ಟೆಯ ಟೋಪಿಯನ್ನೋ ಬೋರಲು ಹಾಕಿ, ಜೊತೆಗಾರರು ಅದರ ಮೇಲೆ ಕೈಯಿಟ್ಟು ಕುಳಿತಿರಲಿ. ಮೊದಲ ಒಂದು ನಿಮಿಷ ಒಳಗಿನಿಂದ ಮೂಗಿನಲ್ಲಿ ಅಂಚನ್ನು ತಳ್ಳುವುದು ಕೈಗೆ ಗೊತ್ತಾಗುತ್ತದೆ. ಆಮೇಲೆ ತಳ್ಳಾಟ ನಿಲ್ಲುತ್ತದೆ. ಕತ್ತಲೆ ಸಿಕ್ಕಿತು, ಇನ್ನು ಓಡಬೇಕಿಲ್ಲ ಎಂದು ಅದು ಸುರುಳಿ ಸುತ್ತಿಕೊಳ್ಳುತ್ತದೆ. ಇನ್ನೂ ಎರಡು ಮೂರು ನಿಮಿಷ ಕಾದು, ನೀವು ಕ್ಯಾಮೆರಾ ಹಿಡಿದು ಫೋಕಸ್ ಸಿದ್ಧಮಾಡಿಕೊಂಡ ಮೇಲೆ ಜೊತೆಗಾರರು ಟೋಪಿಯನ್ನು ಪಕ್ಕಕ್ಕೆ ಸರಿಸದೆ ನೇರವಾಗಿ ಮೇಲಕ್ಕೆ ಎತ್ತಬೇಕು. ಹತ್ತು ಸೆಕೆಂಡೋ ಅರ್ಧ ನಿಮಿಷವೋ ಅದು ಹಾಗೆಯೇ ಇರುತ್ತದೆ, ತಲೆ ಎತ್ತಿ ನಾಲಗೆ ಆಡಿಸುತ್ತದೆ. ನಿಮ್ಮ ಫೋಟೊ ಅಷ್ಟರಲ್ಲೇ ಆಗಬೇಕು. ಹೊರಟಿತೆಂದರೆ ಜೊತೆಗಾರರು ಅಂಗೈಯನ್ನು ಮುಂದೆ ಅಡ್ಡ ಹಿಡಿದು ದಿಕ್ಕು ತಿರುಗಿಸಲಿ, ಇಲ್ಲವೇ ನಡುಮೈಯ ಕೆಳಗೆ ಕೈ ಕೊಟ್ಟು ಎತ್ತಿಕೊಳ್ಳಲಿ. ಇದನ್ನು ಮೂರು ಸಲ ಮಾಡಬಹುದು. ನಾಲ್ಕನೆಯ ಸಲಕ್ಕೆ ಹಾವಿಗೂ ಬೇಸರ, ನಿಮಗೂ ಅವಸರ.

ಕಣ್ಣು ಲೆನ್ಸಿನಲ್ಲಿ ಇರುವವರು ಹಾವನ್ನು ಕಾಯಲಾರರು. ಆದ್ದರಿಂದ ಒಬ್ಬರೇ ಇದ್ದಾಗ ಹೊರಗೆ ತರಲೇಬಾರದು. ಜೊತೆಗಾರರಿಗೆ ಹಾವನ್ನು ನೋಡುವುದಲ್ಲದೆ ಬೇರೆ ಕೆಲಸ ಕೊಡಬಾರದು, ಫೋನಂತೂ ಅವರ ಕೈಯಲ್ಲಿ ಇರಲೇಬಾರದು.

ತಾಪದ ವಿಚಾರದಲ್ಲಿ ನಿಮ್ಮ ಸಮಸ್ಯೆ ಚಳಿ, ನಮ್ಮದು ಸುಡುಬಿಸಿಲು. ಹಾವಿಗೆ ಮೈಯೊಳಗೆ ಶಾಖ ಹುಟ್ಟಿಸಿಕೊಳ್ಳುವ ಶಕ್ತಿ ಇಲ್ಲ. ಗಾಳಿಗಿಂತ ಹೆಚ್ಚಾಗಿ ಅದು ಮಲಗಿದ ನೆಲವೇ ಅದರ ತಾಪವನ್ನು ನಿರ್ಧರಿಸುತ್ತದೆ. ಆಸ್ಟಿನ್ನಿನ ಬೇಸಿಗೆಯ ಮಧ್ಯಾಹ್ನ ಗಾಳಿ 35 ಡಿಗ್ರಿ ಇದ್ದರೆ ಬಿಸಿಲಿಗೆ ಕಾದ ಕಾಂಕ್ರೀಟು 50 ಡಿಗ್ರಿಯನ್ನೂ ದಾಟಿರುತ್ತದೆ. ಅದರ ಮೇಲೆ ಹಾವನ್ನಿಡುವುದೂ ಕಾದ ಕಾವಲಿಯ ಮೇಲಿಡುವುದೂ ಒಂದೇ. ದೂರದಿಂದಲೇ ಮೇಲ್ಮೈಯ ತಾಪ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನು ಕೊಂಡುಕೊಳ್ಳಿ. ಕಾರ್ನ್ ಸ್ನೇಕ್‌ಗೆ ನೆಲ 22ರಿಂದ 30 ಡಿಗ್ರಿಯೊಳಗೆ ಇದ್ದರೆ ನಿಶ್ಚಿಂತೆ. ನಿಮ್ಮಲ್ಲಿ ಗಾಳಿಯೇ 18 ಡಿಗ್ರಿ ಇದ್ದು ನೆಲ ಒದ್ದೆಯಾಗಿದ್ದ ದಿನ ಹೊರಡಬೇಡಿ. ಉಳಿದ ದಿನಗಳಲ್ಲೂ ಒಟ್ಟು ಹದಿನೈದು ನಿಮಿಷ ಮೀರದಿರುವುದು ಒಳ್ಳೆಯದು. ಫೋಟೊ ತೆಗೆಯದ ಹೊತ್ತಿನಲ್ಲಿ ಹಾವನ್ನು ದಿಂಬಿನ ಹತ್ತಿಬಟ್ಟೆಯ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಗಾಳಿಗೆ ತೂತುಗಳಿರುವ ಮುಚ್ಚಳದ ಡಬ್ಬಿಯಲ್ಲಿ ನೆರಳಿನಲ್ಲಿಡಿ. ನಿಲ್ಲಿಸಿದ ಕಾರಿನೊಳಗೆ ಆ ಡಬ್ಬಿಯನ್ನು ಐದು ನಿಮಿಷವೂ ಬಿಡಬಾರದು.

ಇಲ್ಲಿ ಇನ್ನೊಂದು ಕಾಟ ಫೈರ್ ಆಂಟ್ ಎಂಬ ಇರುವೆ. ನಮ್ಮ ಕೆಂಜಿಗದಂತೆಯೇ ಮೈಮೇಲೆ ಬೀಳುವ ಜಾತಿ, ಆದರೆ ಮರದಲ್ಲಲ್ಲ, ನೆಲದಲ್ಲಿ ಗೂಡು ಕಟ್ಟುತ್ತದೆ. ಜಾಗ ನೋಡುವಾಗ ನಾನು ಮೊದಲು ನನ್ನ ಬರಿಗೈಯನ್ನು ಅರ್ಧ ನಿಮಿಷ ನೆಲಕ್ಕೆ ಊರಿ ನೋಡುತ್ತೇನೆ.

ಕೊನೆಯದಾಗಿ ಒಂದು ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಹಾವು ಅಲುಗದೆ ಇರಲೆಂದು ಅದನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಫೋಟೊ ತೆಗೆಯುವವರು ಇದ್ದಾರೆ. ನಿಮಗೂ ಯಾರಾದರೂ ಈ ಸಲಹೆ ಕೊಡಬಹುದು. ಅದು ಹಿಂಸೆ. ಹಾಗೆ ತೆಗೆದ ಚಿತ್ರ ಪಳಗಿದ ಕಣ್ಣಿಗೆ ಗೊತ್ತಾಗಿಯೂ ಬಿಡುತ್ತದೆ, ಏಕೆಂದರೆ ಅದರಲ್ಲಿ ಹಾವು ಮೈಯನ್ನು ಆತುಕೊಂಡಿರುವುದಿಲ್ಲ, ಬಿಟ್ಟುಕೊಂಡಿರುತ್ತದೆ.

ಬ್ರಿಸ್ಬೇನ್ ವಾಸಿ (ಆಸ್ಟ್ರೇಲಿಯಾ)

ಹಳೇ ಲೆನ್ಸು ಅವರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಅವರು ಬಿಟ್ಟಿರುವ ಕೆಲವು ಸಂಗತಿಗಳನ್ನು ಮಾತ್ರ ಸೇರಿಸುತ್ತೇನೆ. ನಾನು ಪರವಾನಗಿ ಪಡೆದು ಇಲ್ಲಿನ ಹೆಬ್ಬಾವಿನ ಜಾತಿಯಾದ ಎರಡು ಕಾರ್ಪೆಟ್ ಪೈಥಾನ್‌ಗಳನ್ನು ಸಾಕಿದ್ದೇನೆ. ಆಸ್ಟ್ರೇಲಿಯಾದಲ್ಲಿ ನಿಮ್ಮ ಕಾರ್ನ್ ಸ್ನೇಕ್ ಅನ್ನು ಸಾಕುವುದೇ ಕಾನೂನುಬಾಹಿರ. ಇಲ್ಲಿನ ಮೂಲದ ಹಾವುಗಳಿಗೆ ಮಾತ್ರ ಪರವಾನಗಿ ಸಿಗುತ್ತದೆ.

ಹದ್ದಿನ ಬಗ್ಗೆ ನಿಮಗಿರುವ ಭಯ ಸಕಾರಣವಾದದ್ದು. ನಾಲ್ಕು ವರ್ಷಗಳ ಹಿಂದೆ ನಾನು ಮೊಣಕೈಯುದ್ದದ ಒಂದು ಮರಿಯನ್ನು ಹಿತ್ತಲಿನ ಬೇಲಿಯ ಕಂಬದ ಮೇಲೆ ಇರಿಸಿ ಫೋಟೊ ತೆಗೆಯುತ್ತಿದ್ದೆ. ಎದುರಿನ ವಿದ್ಯುತ್ ತಂತಿಯ ಮೇಲೆ ಒಂದು ಕುಕಬರ್ರಾ ಹಕ್ಕಿ ಬಹಳ ಹೊತ್ತಿನಿಂದ ಕುಳಿತಿತ್ತು. ನಮ್ಮ ಮಿಂಚುಳ್ಳಿಯ ದೊಡ್ಡ ಬಂಧು ಅದು, ಆದರೆ ಮೀನಿಗಿಂತ ಹಲ್ಲಿ ಹಾವುಗಳೇ ಅದಕ್ಕೆ ಇಷ್ಟ. ಅದು ಕುಳಿತಿದ್ದು ನನಗೆ ಕಾಣುತ್ತಿತ್ತು, ಚೆನ್ನಾಗಿದೆ ಎಂದೂ ಅನ್ನಿಸಿತ್ತು. ಕ್ಯಾಮೆರಾದ ಪರದೆಯನ್ನು ನೋಡಲು ತಲೆ ಬಗ್ಗಿಸಿದ ಕ್ಷಣಕ್ಕೆ ಕಿವಿಯ ಪಕ್ಕದಲ್ಲೇ ರೆಕ್ಕೆಯ ಗಾಳಿ ಬೀಸಿತು. ನನ್ನ ಮಗ ಕೈಯಲ್ಲಿದ್ದ ಟೋಪಿಯನ್ನು ಬೀಸಿದ್ದರಿಂದ ಹಕ್ಕಿ ಗುರಿ ತಪ್ಪಿತು, ಮರಿ ಕೆಳಗಿನ ಹುಲ್ಲಿಗೆ ಬಿತ್ತು, ಹೇಗೋ ಬದುಕಿತು. ಅಂದಿನಿಂದ ಮೇಲೆ ಮರದ ದಟ್ಟ ಕೊಂಬೆಗಳೋ ದೊಡ್ಡ ಛತ್ರಿಯೋ ಇಲ್ಲದ ಜಾಗದಲ್ಲಿ ನಾನು ಹಾವನ್ನು ಇಡುವುದಿಲ್ಲ. ಬಿಳಿಯ ಛತ್ರಿಯಾದರೆ ಬಿಸಿಲೂ ಮೃದುವಾಗಿ ಹರಡುತ್ತದೆ. ನಿಮ್ಮ ರೆಡ್ ಕೈಟ್ ಹೆಚ್ಚಾಗಿ ಸತ್ತ ಪ್ರಾಣಿಗಳನ್ನು ತಿನ್ನುವ ಹಕ್ಕಿ ಎಂದು ಓದಿದ್ದೇನೆ, ಆದರೆ ಕಿತ್ತಳೆ ಬಣ್ಣದ ಹಾವನ್ನು ಹಸಿರು ಹುಲ್ಲಿನ ಮೇಲಿಟ್ಟು ಅದರ ಸಂಯಮವನ್ನು ಪರೀಕ್ಷಿಸುವುದು ಬೇಡ. ನೆರೆಮನೆಯ ಬೆಕ್ಕು ಅದಕ್ಕಿಂತ ಹೆಚ್ಚಿನ ಅಪಾಯ.

ಹಾವನ್ನು ಹೊರಗೆ ತರಲೇಬಾರದ ದಿನಗಳೂ ಇವೆ. ಊಟವಾದ ಮೇಲೆ ಕನಿಷ್ಠ 48 ಗಂಟೆ ಮುಟ್ಟಬಾರದು; ಹೊಟ್ಟೆಯಲ್ಲಿ ಇಲಿ ಇರುವಾಗ ಎತ್ತಾಡಿದರೆ ಅಥವಾ ಮೈ ತಣ್ಣಗಾದರೆ ತಿಂದದ್ದನ್ನು ಕಕ್ಕಿಬಿಡುತ್ತದೆ, ಹಾಗೆ ಕಕ್ಕಿದ ಹಾವು ಚೇತರಿಸಿಕೊಳ್ಳಲು ವಾರಗಳು ಬೇಕು. ಪೊರೆ ಬಿಡುವ ಮುನ್ನ ಕಣ್ಣು ನೀಲಿ ಹಾಲಿನಂತೆ ಮಂಜಾಗುತ್ತದೆ, ಆಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಹೆದರಿ ಕಚ್ಚುವುದೂ ಆಗಲೇ. ಪೊರೆ ಕಳಚಿದ ಎರಡು ಮೂರು ದಿನಗಳ ನಂತರ ಬಣ್ಣ ಅತ್ಯಂತ ಹೊಳಪಾಗಿರುತ್ತದೆ. ನಿಮ್ಮ ಅಮ್ಮನವರಿಗೆ ಕಳಿಸುವ ಚಿತ್ರಕ್ಕೆ ಆ ದಿನವನ್ನೇ ಆರಿಸಿಕೊಳ್ಳಿ. ಬಾಲ ಪಟಪಟನೆ ಅದುರಿಸುವುದು, ಕತ್ತನ್ನು ಕೊಕ್ಕೆಯಂತೆ ಹಿಂದಕ್ಕೆ ಮಡಿಸುವುದು, ನಾತದ ದ್ರವ ಬಿಡುವುದು, ಇವು ಕಂಡರೆ ಅಂದಿನ ಕೆಲಸ ಅಲ್ಲಿಗೇ ಮುಗಿಯಿತು. ಬಾಯಿ ತೆರೆದು ಉಸಿರಾಡುತ್ತಿದ್ದರೆ ತಾಪ ಮೀರಿದೆ ಅಥವಾ ಶ್ವಾಸಕೋಶದ ಸೋಂಕಿದೆ ಎಂದರ್ಥ. ಮರುದಿನವೂ ಹಾಗೆಯೇ ಇದ್ದರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಹುಲ್ಲುಹಾಸಿಗೆ ಕಳೆನಾಶಕವನ್ನೋ ಕೀಟನಾಶಕವನ್ನೋ ಹೊಡೆದಿದ್ದರೆ ಆ ಜಾಗವನ್ನು ಬಿಟ್ಟುಬಿಡಿ, ಏಕೆಂದರೆ ಹಾವು ನಾಲಗೆಯನ್ನು ನೆಲಕ್ಕೆ ತಾಗಿಸುತ್ತಲೇ ಸಾಗುವ ಪ್ರಾಣಿ. ಚಿತ್ರಕ್ಕೆ ಚೆನ್ನಾಗಿರುತ್ತದೆಂದು ಊರಾಚೆಯ ಕಾಡಿಗೆ ಒಯ್ಯುವುದೂ ಬೇಡ. ಹಾವುಗಳಿಗೆ ತಗಲುವ ಒಂದು ಶಿಲೀಂಧ್ರ ರೋಗ ಬ್ರಿಟನ್ನಿನ ಕಾಡು ಹಾವುಗಳಲ್ಲಿಯೂ ಇದೆಯೆಂದು 2017ರಲ್ಲಿ ಪ್ರಕಟವಾಯಿತು. ಅಲ್ಲಿಂದ ನಿಮ್ಮ ಹಾವಿಗೆ ಬಂದರೂ ನಷ್ಟ, ನಿಮ್ಮ ಹಾವಿನಿಂದ ಅಲ್ಲಿಗೆ ಬೇರೇನಾದರೂ ಹೋದರೂ ನಷ್ಟ. ಮನೆಗೆ ಬಂದ ಮೇಲೆ ಹುರುಪೆಗಳ ನಡುವೆ ಉಣ್ಣಿ ಹತ್ತಿದೆಯೇ ಎಂದು ನೋಡಿ, ಮುಖ್ಯವಾಗಿ ಗದ್ದದ ಕೆಳಗೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಆರೋಗ್ಯವಂತ ಹಾವಿನಲ್ಲಿಯೂ ಇರುವುದರಿಂದ ಹಾವು ಮುಟ್ಟಿದವರೆಲ್ಲ ಸೋಪು ಹಾಕಿ ಕೈ ತೊಳೆಯಬೇಕು, ಕ್ಯಾಮೆರಾವನ್ನೂ ಒರೆಸಬೇಕು. ಐದು ವರ್ಷದೊಳಗಿನ ಮಕ್ಕಳಿದ್ದರೆ ಅವರು ಕಿಟಕಿಯಿಂದ ನೋಡಲಿ.

ಒಳಮನೆ (ಡಬ್ಲಿನ್, ಐರ್ಲೆಂಡ್)

ಅನುಭವಿಗಳ ನಡುವೆ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತಿದ್ದೇನೆ. ಹಾವನ್ನು ಹೊರಗೆ ತರುವ ಅಗತ್ಯವಾದರೂ ಏನು? ಹೊರಗಿನದನ್ನು ಒಳಗೆ ತರಬಹುದಲ್ಲವೇ? ಪಾಚಿ, ಒಣ ಎಲೆ, ಒಂದು ಕೊರಡು, ಹಿಂದೆ ಕುಂಡದಲ್ಲಿನ ಎರಡು ಜರೀಗಿಡ, ಉತ್ತರದ ಕಿಟಕಿಯಿಂದ ಬರುವ ಬೆಳಕು, ಇಷ್ಟಿದ್ದರೆ ಊಟದ ಕೋಣೆಯಲ್ಲೇ ಕಾಡು ಸಿದ್ಧವಾಗುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ತಪ್ಪಿಸಿಕೊಂಡ ಹಾವು ಸೋಫಾದ ಕೆಳಗೆ ಸಿಗುತ್ತದೆ, ಹಿತ್ತಲಲ್ಲಿ ತಪ್ಪಿಸಿಕೊಂಡದ್ದು ಸಿಗುವ ಭರವಸೆ ಇಲ್ಲ.

ನಾನಿರುವುದು ಮೂಲದಲ್ಲಿ ಹಾವೇ ಇಲ್ಲದ ದೇಶದಲ್ಲಿ, ಆದ್ದರಿಂದ ನನಗೆ ಈ ಭಯ ಸ್ವಲ್ಪ ಹೆಚ್ಚು ಎಂದುಕೊಳ್ಳಿ. ಆದರೆ ಸ್ಪೇನಿಗೆ ಸೇರಿದ ಗ್ರಾನ್ ಕನಾರಿಯಾ ದ್ವೀಪದಲ್ಲಿ ಆದದ್ದನ್ನು ನೋಡಿ. ಅಲ್ಲಿ ಸಾಕಲೆಂದು ತಂದಿದ್ದ ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್‌ಗಳು ಹೊರಬಿದ್ದು, 1998ರ ಹೊತ್ತಿಗೆ ಕಾಡಿನಲ್ಲಿ ಕಾಣಿಸಿಕೊಂಡು, ಮರಿಮಾಡಿ ಹರಡಿ, ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲದ ಅಲ್ಲಿನ ದೊಡ್ಡ ಹಲ್ಲಿಗಳನ್ನು ಅನೇಕ ಕಡೆ ಬಹುತೇಕ ಇಲ್ಲವಾಗಿಸಿವೆ. ಒಂದು ಕೇಸರಿಯಿಂದ ಇಂಗ್ಲೆಂಡು ಹಾಳಾಗುವುದಿಲ್ಲ ಎಂಬುದು ನಿಜ. ಆದರೆ ಅಲ್ಲಿಯದಲ್ಲದ ಪ್ರಾಣಿಯನ್ನು ಬಿಡುವುದಷ್ಟೇ ಅಲ್ಲ, ತಪ್ಪಿಸಿಕೊಳ್ಳಲು ಆಸ್ಪದ ಕೊಡುವುದನ್ನೂ ಬ್ರಿಟನ್ನಿನ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆ ಅಪರಾಧವೆಂದೇ ಎಣಿಸುತ್ತದೆ.

ಕಾನುಮರ (ಬೆಂಗಳೂರು)

ಈ ಚರ್ಚೆಯನ್ನು ಕರ್ನಾಟಕದಲ್ಲಿರುವವರೂ ಓದುತ್ತಾರಾದ್ದರಿಂದ ಒಂದು ಸ್ಪಷ್ಟನೆ ಅಗತ್ಯ. ನಮ್ಮಲ್ಲಿ ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಮುಂತಾದ ಇಲ್ಲಿನ ಹಾವುಗಳನ್ನು ಹಿಡಿಯುವುದಾಗಲಿ ಸಾಕುವುದಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಫೋಟೊ ತೆಗೆದು ಬಿಟ್ಟುಬಿಡುತ್ತೇನೆ ಎಂಬ ಸಬೂಬು ಅಲ್ಲಿ ನಡೆಯುವುದಿಲ್ಲ. ಬಾಲ್ ಪೈಥಾನ್‌ನಂಥ ವಿದೇಶಿ ಹಾವುಗಳ ಮಾತು ಬೇರೆ. ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗಳಲ್ಲಿರುವ ಜಾತಿಗಳನ್ನು 2022ರ ತಿದ್ದುಪಡಿ ನಮ್ಮ ಕಾಯ್ದೆಯೊಳಗೆ ತಂದಿತು. 2024ರಲ್ಲಿ ಬಂದ ನಿಯಮಗಳ ಪ್ರಕಾರ ಅಂಥ ಪ್ರಾಣಿಯನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲಿನಲ್ಲಿ ನೋಂದಾಯಿಸಬೇಕು, ಮರಿಯಾದರೂ ಸತ್ತರೂ ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು.

ನೋಂದಣಿ ಇದ್ದವರು ಕೂಡ ಹಾವನ್ನು ಕಬ್ಬನ್ ಪಾರ್ಕಿಗೋ ಕೆರೆಯ ಏರಿಗೋ ಒಯ್ಯಬಾರದು ಎಂಬುದು ನನ್ನ ಅಭಿಪ್ರಾಯ. ಅದು ವಿಷವಿಲ್ಲದ ಆಫ್ರಿಕಾದ ಹಾವು ಎಂದು ನೀವು ವಿವರಿಸಿ ಮುಗಿಸುವ ಮೊದಲೇ ಯಾರೋ ಕೋಲು ತಂದಿರುತ್ತಾರೆ. ಎಳೆಯ ಬಾಲ್ ಪೈಥಾನ್‌ನ ಮಚ್ಚೆಗಳನ್ನು ದೂರದಿಂದ ನೋಡಿದವರಿಗೆ ಅದು ಕೊಳಕುಮಂಡಲದಂತೆ ಕಂಡರೆ ಅವರ ತಪ್ಪೂ ಅಲ್ಲ. ಅದೂ ಅಲ್ಲದೆ ನಮ್ಮ ಊರಿನ ಅಂಚುಗಳಲ್ಲಿ ಒಣ ತರಗೆಲೆಯ ಮೇಲೆ ಮೊಣಕೈ ಊರಿ ಮಲಗುವ ಛಾಯಾಗ್ರಾಹಕರ ಪಕ್ಕದಲ್ಲೇ ನಿಜವಾದ ಕೊಳಕುಮಂಡಲ ಇರಬಹುದು; ತನ್ನ ಹಾವಿನ ಮೇಲೆ ಕಣ್ಣಿಟ್ಟವರಿಗೆ ಅದು ಕಾಣುವುದಿಲ್ಲ. ಮನೆಯ ತಾರಸಿಯಲ್ಲಿ, ಮಳೆನೀರು ಹೋಗುವ ಕೊಳವೆಗಳ ಬಾಯಿಗೆ ಬಟ್ಟೆ ತುರುಕಿ, ಬೆಳಿಗ್ಗೆ ಏಳರೊಳಗೆ ಮುಗಿಸುವುದು ಕ್ಷೇಮ.

ಇನ್ನೊಂದು ಸಣ್ಣ ಮಾತು. ಫೋನಿನ ಚಿತ್ರಗಳಲ್ಲಿ ಮನೆ ಇರುವ ಜಾಗದ ಗುರುತೂ ಅಡಗಿರುತ್ತದೆ. ಬೆಲೆಬಾಳುವ ಹಾವಿನ ಚಿತ್ರವನ್ನು ಹಂಚಿಕೊಳ್ಳುವ ಮೊದಲು ಆ ಗುರುತನ್ನು ಅಳಿಸಿಬಿಡಿ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಒಳಮನೆ ಅವರ ಸಲಹೆಯಂತೆ ಶನಿವಾರ ಮೊದಲು ಮನೆಯೊಳಗೇ ಪ್ರಯತ್ನಿಸಿದೆ. ಟೋಪಿಯ ಉಪಾಯ ಎರಡನೆಯ ಸಲಕ್ಕೇ ಫಲಿಸಿತು! ಆದರೆ ಚಿತ್ರಗಳು ತೃಪ್ತಿ ಕೊಡಲಿಲ್ಲ. ಕೆಂಪು ಮಚ್ಚೆಗಳಲ್ಲಿ ಹುರುಪೆಯ ಗೆರೆಗಳೇ ಕಾಣದೆ ಬಣ್ಣ ಬಳಿದಂತೆ ಆಗಿದೆ. ಮೂಗು ಸ್ಪಷ್ಟವಾಗಿದ್ದರೆ ಕಣ್ಣು ಮಸುಕು. ಮೈಮೇಲೆ ಕಿಟಕಿಯ ಬಿಳಿಯ ಹೊಳಪು. ನನ್ನಲ್ಲಿರುವುದು ಬಹಳ ಹತ್ತಿರದಿಂದ ಚಿತ್ರ ತೆಗೆಯುವ 100 ಎಂಎಂ ಮ್ಯಾಕ್ರೋ ಲೆನ್ಸ್. ಹೊರಗೆ ತೆಗೆಯುವ ಆಸೆ ಇನ್ನೂ ಹೋಗಿಲ್ಲ. ಹಾವನ್ನು ಮೇಜಿನ ಮೇಲೆ ಇಟ್ಟರೆ ಬಗ್ಗುವುದು ತಪ್ಪುತ್ತದೆ ಎಂದು ಯಜಮಾನರ ವಾದ, ಇದು ಸರಿಯೇ?

ಹಳೇ ಲೆನ್ಸು

ಮೇಜಿನ ವಿಚಾರದಲ್ಲಿ ಯಜಮಾನರ ಬೆನ್ನುನೋವಿಗೆ ನನ್ನ ಸಹಾನುಭೂತಿ ಇದೆ, ಆದರೆ ಅಂಚಿಗೆ ಬಂದ ಹಾವು ಕೆಳಕ್ಕೆ ಇಳಿಯಲು ಹೋಗಿ ಬೀಳುತ್ತದೆ. ಅದಕ್ಕಿಂತ ತೋಟದ ತಳ್ಳುಗಾಡಿ ಉತ್ತಮ; ಅದರ ಬಾನಿಯಲ್ಲಿ ಮಣ್ಣು, ಎಲೆ, ಪಾಚಿ ತುಂಬಿದರೆ ಸುತ್ತಲೂ ಅಂಚಿರುತ್ತದೆ, ಎತ್ತರ ಸೊಂಟಕ್ಕೆ ಸಮೀಪವಿರುತ್ತದೆ, ಬೆಳಕು ಸರಿದಂತೆ ಇಡೀ ಕಾಡನ್ನೇ ತಿರುಗಿಸಿಕೊಳ್ಳಬಹುದು. ಬೆಳೆದ ಕಾರ್ನ್ ಸ್ನೇಕ್ ಅಂಚನ್ನು ಹತ್ತಬಲ್ಲದು, ಆದರೆ ಹತ್ತುವಷ್ಟರಲ್ಲಿ ಕೈ ತಲುಪುತ್ತದೆ. ಬೇರುಬಿಟ್ಟ ಮರದ ಕೊಂಬೆಗೆ ಮಾತ್ರ ಹತ್ತಿಸಬೇಡಿ. ಈ ಜಾತಿ ಮರವೇರುವುದರಲ್ಲಿ ನಿಪುಣ, ನಿಮ್ಮ ಏಣಿ ಅದಕ್ಕೆ ಸಾಟಿಯಾಗದು.

ಕಣ್ಣು ಮಸುಕಾಗುವುದಕ್ಕೆ ಕಾರಣ, ಮ್ಯಾಕ್ರೋ ಲೆನ್ಸನ್ನು ಹತ್ತಿರ ಹಿಡಿದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ. ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬರುವ ರಂಧ್ರವನ್ನು) ಎಫ್ 8ರಿಂದ ಎಫ್ 11ರೊಳಗೆ ಇರಿಸಿ, ಸ್ವಲ್ಪ ಹಿಂದೆ ಸರಿದು, ಫೋಕಸ್ ಬಿಂದುವನ್ನು ಕಣ್ಣಿನ ಮೇಲೆಯೇ ಇಡಿ. ಬಾಲ ಮಸುಕಾದರೆ ಯಾರೂ ಕೇಳುವುದಿಲ್ಲ, ಕಣ್ಣು ಮಸುಕಾದರೆ ಚಿತ್ರವೇ ಇಲ್ಲ. ಕ್ಯಾಮೆರಾವನ್ನು ಹಾವಿನ ಕಣ್ಣಿನ ಮಟ್ಟಕ್ಕೆ ಇಳಿಸಿ, ಪಕ್ಕದಿಂದ ಮುಕ್ಕಾಲು ಮುಖ ಕಾಣುವಂತೆ ಹಿಡಿದರೆ ಮೂಗೂ ಕಣ್ಣೂ ಒಂದೇ ಆಳದ ಸಮೀಪಕ್ಕೆ ಬರುತ್ತವೆ. ಶಟರ್ ವೇಗ 1/250 ಸಾಕು, ನಾಲಗೆ ಹೊರಚಾಚಿದ್ದು ಬೇಕಿದ್ದರೆ 1/500ಕ್ಕೆ ಏರಿಸಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಸೂಕ್ಷ್ಮತೆ) 1600 ಆದರೂ ಚಿಂತೆಯಿಲ್ಲ, ಕಾಳುಕಾಳಾದ ಚಿತ್ರವನ್ನು ಸರಿಪಡಿಸಬಹುದು, ಅಲುಗಿದ್ದನ್ನು ಸರಿಪಡಿಸಲಾಗದು.

ಕೆಂಪು ಮೆತ್ತಿಕೊಂಡಂತೆ ಆಗಿರುವುದು ಕ್ಯಾಮೆರಾದ ದೋಷವಲ್ಲ. ಒಟ್ಟು ಬೆಳಕು ಸರಿಯಾಗಿದೆ ಎಂದು ಅದು ಲೆಕ್ಕ ಹಾಕುವಾಗ ಕೆಂಪು ಬಣ್ಣವೊಂದೇ ಮಿತಿ ಮೀರಿರುತ್ತದೆ. ಎಕ್ಸ್‌ಪೋಶರನ್ನು ಮೂರನೇ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ), ಕ್ಯಾಮೆರಾ ತಿದ್ದದೆ ಉಳಿಸುವ ರಾ ಮಾದರಿಯಲ್ಲಿ ತೆಗೆದು, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆಯಲ್ಲಿ ಕೆಂಪಿನ ಗೆರೆಯನ್ನು ಬೇರೆಯಾಗಿ ನೋಡಿ. ಬಿಳಿ ಹೊಳಪಿಗೆ ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಎಂಬ ಫಿಲ್ಟರ್ ಮದ್ದು. ಅದು ಒಂದೂವರೆ ಸ್ಟಾಪಿನಷ್ಟು ಬೆಳಕನ್ನು ನುಂಗುತ್ತದೆ, ಹೊರಗಿನ ಬೆಳಕಿನಲ್ಲಿ ಅದು ಭಾರವಾಗದು. ಆದರೆ ಹೊಳಪನ್ನು ಪೂರ್ತಿ ತೆಗೆದರೆ ಹಾವು ರಬ್ಬರಿನದರಂತೆ ಕಾಣುತ್ತದೆ, ಸ್ವಲ್ಪ ಉಳಿಸಿ. ಫ್ಲ್ಯಾಶ್ ಬೇಕೇಬೇಕೆಂದಿದ್ದರೆ ಬೆಳಕನ್ನು ಹರಡಿ ಮೃದುಮಾಡುವ ದೊಡ್ಡ ಡಿಫ್ಯೂಸರ್ ಹಾಕಿ ಕಡಿಮೆ ಬಲದಲ್ಲಿ, ನಾಲ್ಕಾರು ಸಲ ಮಾತ್ರ. ರೆಪ್ಪೆಯಿಲ್ಲದ ಪ್ರಾಣಿ, ಕಣ್ಣು ಮುಚ್ಚಿ ತಪ್ಪಿಸಿಕೊಳ್ಳಲಾರದು. ನಿಮ್ಮಲ್ಲಿ ಜೂನ್ ತಿಂಗಳಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ನಂತರವಲ್ಲವೇ? ಹಾಗಿದ್ದರೆ ಸಂಜೆ ಏಳರ ಇಳಿಬಿಸಿಲು ಇರುವಾಗ ಫ್ಲ್ಯಾಶಿನ ಹಂಗೇ ಬೇಡ.

ತುಂಗಾತೀರ

ಕೇಸರಿ ಮಂಗಳವಾರ ಪೊರೆ ಬಿಟ್ಟಿತು, ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡು. ಶುಕ್ರವಾರ ಸಂಜೆ ಗಾಳಿಯ ತಾಪ 24 ಡಿಗ್ರಿ ಇತ್ತು. ತಳ್ಳುಗಾಡಿಯಲ್ಲಿ ಬರ್ಚ್ ಮರದ ತುಂಡು, ಪಾಚಿ, ಕಳೆದ ವರ್ಷದ ಓಕ್ ಎಲೆ ಹಾಕಿ, ಮೇಲೆ ಬಿಳಿ ಛತ್ರಿ ಕಟ್ಟಿ, ಶೆಡ್ಡಿನ ಸಂದಿಗೆ ಹಲಗೆ ಬಡಿದು, ಮೊದಲು ತೋಟದ ಪೈಪಿನ ತುಂಡಿನ ಮೇಲೆ ಪರೀಕ್ಷೆ ಮಾಡಿಕೊಂಡೆವು. ಪಾಚಿಯ ಮೇಲಿನ ತಾಪ 23 ಡಿಗ್ರಿ ತೋರಿಸಿತು. ಮೊದಲ ಸಲ ಟೋಪಿ ಎತ್ತಿದಾಗ ತಲೆ ಸುರುಳಿಯ ಕೆಳಗಿತ್ತು. ಎರಡನೆಯ ಸಲ ತಲೆ ಬರ್ಚ್ ತೊಗಟೆಯ ಮೇಲೆ ಒರಗಿತ್ತು, ನಾಲಗೆ ಎರಡು ಬಾರಿ ಹೊರಬಂತು, ಆರು ಚಿತ್ರಗಳಾದವು. ಅಷ್ಟರಲ್ಲಿ ಅದು ಗಾಡಿಯ ಹಿಡಿಯ ಕಡೆಗೆ ಹೊರಟಿತು, ಯಜಮಾನರು ಕೈ ಅಡ್ಡ ಹಿಡಿದರು, ಅದು ಅವರ ತೋಳನ್ನೇ ಹತ್ತಿಕೊಂಡಿತು. ಮೂರನೆಯ ಸಲ ಮಾಡಲಿಲ್ಲ. ಒಟ್ಟು ಹನ್ನೊಂದು ನಿಮಿಷ.

ಆರರಲ್ಲಿ ಒಂದು ನಿಜಕ್ಕೂ ಚೆನ್ನಾಗಿದೆ; ಕಣ್ಣಿನ ಪಾರದರ್ಶಕ ಕವಚದಲ್ಲಿ ಬಿಳಿ ಛತ್ರಿಯ ಸಣ್ಣ ಬಿಂಬ ಬಿದ್ದಿದೆ. ಅಮ್ಮನಿಗೆ ಕಳಿಸಿದೆ. ಅರ್ಧ ದಿನ ಉತ್ತರವಿರಲಿಲ್ಲ. ರಾತ್ರಿ ಫೋನ್ ಮಾಡಿ, "ಇದಕ್ಕೆ ರೆಪ್ಪೆಯೇ ಇಲ್ಲವಲ್ಲೇ, ನಿದ್ದೆ ಬಂದದ್ದು ನಿನಗೆ ಹೇಗೆ ತಿಳಿಯುತ್ತದೆ?" ಎಂದು ಕೇಳಿದರು.